ನನ್ನದಲ್ಲ ಎಂದವರ ಹಾಡು

ಪ್ರತಿ ಡಿಸೆಂಬರ್ ಕೊನೆಗೆ ಡೈರಿಯ ಹಿಂಬದಿಯ ಹಾಳೆ ತಿರುವಿ, ಆ ವರ್ಷ ನನ್ನನ್ನು ಹಿಡಿದು ಕೂರಿಸಿದ ಹಾಡುಗಳ ಪಟ್ಟಿ ಬರೆಯುತ್ತೇನೆ. 1989ರಲ್ಲಿ ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟ ವರ್ಷ ಶುರುವಾದ ರೂಢಿ ಇದು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಧನಗೆರೆಗೆ ಮರಳಿ ಅಪ್ಪನ ಎರಡೆಕರೆ ಗದ್ದೆ ನೋಡಿಕೊಂಡಿದ್ದೇನೆ. ಪಟ್ಟಿ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಈ ಸಲ ನಾಲ್ಕು ಸಾಲು ಬರೆದಿದ್ದೆ. ಒಂದು, ಸೋದರತ್ತೆಯ ತಿಥಿಯ ರಾತ್ರಿ ನಮ್ಮ ಜಗಲಿಯಲ್ಲಿ ಮಂಟೇಸ್ವಾಮಿ ಮಠದ ಹಾಡುಗಾರರಾದ ನೀಲಗಾರರು ಮಾಡಿದ ಸಿದ್ದಪ್ಪಾಜಿ ಕತೆ. ಎರಡು, ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿ, ಪೆನ್ಸಿಲ್ ತೂರಿಸಿ ಸುರುಳಿ ಬಿಗಿ ಮಾಡಿ ಮತ್ತೆ ಕೇಳಿದ ಮಳವಳ್ಳಿ ಮಹದೇವಸ್ವಾಮಿಯವರ ಹಳೆಯ ಕ್ಯಾಸೆಟ್. ಮೂರು, ಶಿವರಾತ್ರಿಗೆ ಮುಂಚೆ ತಾಳಬೆಟ್ಟದಿಂದ ಮಲೆ ಮಾದೇಶ್ವರನ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಒಬ್ಬ ಹೆಂಗಸು ಹಾಡಿದ ಮಾದಪ್ಪನ ಪದ. ನಾಲ್ಕು, ಭಜನೆ ಮನೆಯಲ್ಲಿ ಕೇಳಿದ ನಿಜಗುಣ ಶಿವಯೋಗಿಗಳ ತತ್ವಪದ.

ಇದನ್ನು ತಮ್ಮನ ಮಗಳು ನೋಡಿದಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಾಳೆ, ಗಿಟಾರ್ ನುಡಿಸುತ್ತಾಳೆ. ತಾನೇ ಬರೆದು ತಾನೇ ರಾಗ ಕೂಡಿಸಿದ ನಾಲ್ಕು ಹಾಡು ಅವಳ ಫೋನಿನಲ್ಲಿವೆ. ಅವಳದೂ ಒಂದು ಪಟ್ಟಿ ಉಂಟು. ಅದರಲ್ಲಿ ಬರೆದವರೇ ಹಾಡಿದ ಆಲ್ಬಂಗಳಿಗೆ ಮಾತ್ರ ಜಾಗ. ಮೈಸೂರಿನ ರಘು ದೀಕ್ಷಿತರ 2013ರ ‘ಜಗ ಚಂಗ’, ಕೆನಡಾದ ಜೋನಿ ಮಿಚೆಲ್ 1971ರಲ್ಲಿ ಹೊರತಂದ ‘ಬ್ಲೂ’, ಅದೇ ದೇಶದ ಲಿಯನಾರ್ಡ್ ಕೊಹೆನ್ 2016ರಲ್ಲಿ, ಸಾಯುವುದಕ್ಕೆ ಮೂರು ವಾರವೂ ಉಳಿದಿಲ್ಲದಾಗ, ಹೊರತಂದ ಆಲ್ಬಂ. ನನ್ನ ಹಾಳೆ ಓದಿ ಮುಗಿಸಿ ಅವಳು ಕೇಳಿದಳು: “ದೊಡ್ಡಪ್ಪ, ಇವರು ಯಾರೂ ತಮ್ಮ ಹಾಡು ಹಾಡ್ತಾ ಇಲ್ವಲ್ಲ. ಎಲ್ಲಾ ದೇವರ ಕತೆ. ಇವರ ಕತೆ ಎಲ್ಲಿ?”

ಮೂವತ್ತು ವರ್ಷಕ್ಕೂ ಮೇಲೆ ಹಾಡು ಕೇಳಿದ್ದೇನೆ, ಅದರಲ್ಲಿ ಹದಿನೆಂಟು ವರ್ಷ ಹಾಡು ಮಾರಿ ಅನ್ನ ತಿಂದಿದ್ದೇನೆ. ಆದರೂ ಆ ಹೊತ್ತಿಗೆ ಬಾಯಿಗೆ ಉತ್ತರ ಬರಲಿಲ್ಲ. ಹಾಡು ಯಾರದು? ಕಟ್ಟಿದವನದೋ, ಹಾಡಿದವನದೋ, ದೇವರದೋ? ಈ ಬರಹ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

*

ಮೊದಲು ತಿಥಿಯ ರಾತ್ರಿಯ ಮಾತು.

ನಮ್ಮ ಕಡೆ ‘ಕತೆ ಮಾಡಿಸುವುದು’ ಅನ್ನುತ್ತಾರೆ. ಊಟ ಮುಗಿದು, ಎಲೆ ಎತ್ತಿ, ಜಗಲಿ ಸಾರಿಸಿ ಕಂಬಳಿ ಹಾಸಿದರು. ನೀಲಗಾರರು ನಾಲ್ಕು ಜನ. ಮುಂದಾಳಿಗೆ ಎಪ್ಪತ್ತು ದಾಟಿರಬೇಕು. ತಂಬೂರಿಗೆ ಧೂಳ್ತ ಹಚ್ಚಿ, ದೀಪಕ್ಕೆ ಕೈ ಮುಗಿದು, ಹಣೆಗೆ ತಾವೂ ಹಚ್ಚಿಕೊಂಡು ಕೂತರು. ತಂಬೂರಿಯ ಬುರುಡೆ ಒಡೆದಿತ್ತು. ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿದಿದ್ದರು. ಗಗ್ಗರ, ಡಕ್ಕೆ, ತಾಳ ಒಂದೊಂದಾಗಿ ಸೇರಿಕೊಂಡವು. ನಾನು ಮೊಬೈಲನ್ನು ರೆಕಾರ್ಡಿಗೆ ಹಾಕಿ ಕಂಬದ ಗೂಡಿನಲ್ಲಿಟ್ಟೆ.

ಮಂಟೇಸ್ವಾಮಿಗಳು ನಿಡುಘಟ್ಟದ ಆಚಾರಿಗಳ ಮನೆಯ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುವುದು, ಹೆತ್ತವರು ಒಪ್ಪದಿರುವುದು, ಕೊನೆಗೆ ಅವನು ಮನೆ ಬಿಟ್ಟು ಗುರುವಿನ ಹಿಂದೆ ಹೊರಡುವುದು, ಆಮೇಲೆ ಹಲಗೂರಿನ ಪಾಂಚಾಳರ ಬೀದಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಪಾಡು ಪಡುವುದು: ಈ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಕತೆ. ನಾನು ನೂರು ಸಲವಾದರೂ ಕೇಳಿದ್ದೇನೆ. ಆ ರಾತ್ರಿ ತಾಯಿ ಮಗನನ್ನು ಕಳಿಸಿಕೊಡುವ ಕಡೆ ಬಂದಾಗ ಮುದುಕರು ನಿಧಾನಿಸಿದರು. ಬೇರೆಯವರು ಹತ್ತು ನುಡಿಯಲ್ಲಿ ಮುಗಿಸುವ ಜಾಗದಲ್ಲಿ ಅರ್ಧ ಗಂಟೆ ನಿಂತರು. ಕತೆಯ ತಾಯಿ ಮಗನಿಗೆ ಬುತ್ತಿ ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಇನ್ನೊಂದು ಹಿಡಿ ಸೇರಿಸಿ ಮತ್ತೆ ಕಟ್ಟುತ್ತಾಳೆ. ಮಗನ ಚಪ್ಪಲಿ ಬಾಗಿಲ ಹೊರಗಿದೆಯೋ ಒಳಗಿದೆಯೋ ಅಂತ ಎರಡು ಸಲ ಬಗ್ಗಿ ನೋಡುತ್ತಾಳೆ. ಈ ಚಪ್ಪಲಿಯ ಮಾತನ್ನು ನಾನು ಯಾವ ನೀಲಗಾರರ ಬಾಯಲ್ಲೂ ಕೇಳಿರಲಿಲ್ಲ. ಡಕ್ಕೆಯವನು ಪೆಟ್ಟು ಹಾಕುವುದನ್ನು ನಿಲ್ಲಿಸಿ ತಂಬೂರಿಯ ಒಂದೇ ತಂತಿಯ ಮೇಲೆ ಹಾಡು ನಡೆಯಲು ಬಿಟ್ಟ.

ಬೆಳಗಿನ ಜಾವ ಕಾಫಿ ಕುಡಿಯುವಾಗ ಕೇಳಿದೆ, “ಚಪ್ಪಲಿ ಪದ ಯಾರು ಕಲಿಸಿದ್ದು?” ಅವರು ಲೋಟ ಕೆಳಗಿಟ್ಟು ಹೇಳಿದರು: “ನಂದೇನದ ಬುದ್ಧಿ. ಎಲ್ಲಾ ಅಪ್ಪಾಜಿಯೋರ್ದು.” ಅವರ ಹಿರಿಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು ಹಿಂದಕ್ಕೆ ಬರಲಿಲ್ಲ ಎಂಬುದನ್ನು ಡಕ್ಕೆಯವನು ಆಮೇಲೆ ಹೇಳಿದ.

ಕೂಸೇ, ನೀನು ‘ಇವರ ಕತೆ ಎಲ್ಲಿ’ ಅಂದೆಯಲ್ಲ, ಆ ಚಪ್ಪಲಿಯಲ್ಲಿದೆ. ತನ್ನ ಮಗನ ಹೆಸರೆತ್ತದೆ, ‘ನನಗೆ ಹೀಗಾಯಿತು’ ಎಂದು ಒಂದು ಮಾತೂ ಆಡದೆ, ಆ ಮನುಷ್ಯ ತನ್ನ ದುಃಖವನ್ನು ಕೆಂಪಾಚಾರಿಯ ತಾಯಿಯ ಮಡಿಲಿಗೆ ಹಾಕಿದರು. ಹಾಕಿದ ಮೇಲೆ ಅದು ಅವರೊಬ್ಬರದಾಗಿ ಉಳಿಯಲಿಲ್ಲ. ಅಲ್ಲಿ ಕೂತಿದ್ದ ಹೆಂಗಸರಲ್ಲಿ ಮಕ್ಕಳನ್ನು ದೂರದ ಊರಿಗೆ ಕಳಿಸಿದವರೆಲ್ಲ ಅತ್ತರು.

*

ನೀಲಗಾರರಾಗುವುದು ದೀಕ್ಷೆಯಿಂದ. ಒಕ್ಕಲಿನ ಮನೆಯವರು ಒಬ್ಬ ಮಗನನ್ನು ಮಠಕ್ಕೆ ಒಪ್ಪಿಸುತ್ತಾರೆ. ದೇವರಗುಡ್ಡರದೂ ಹಾಗೆಯೇ, ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಭಿಕ್ಷೆ ಬೇಡಿ ಹಾಡಬೇಕು. ಇವರು ಮೊದಲು ಬೇಡುವುದನ್ನು ಕಲಿತು ಆಮೇಲೆ ಹಾಡಲು ಕಲಿಯುತ್ತಾರೆ. ಇದು ಯಾಕೆ ಹೀಗೆ ಎಂದು ಚಿಕ್ಕವನಾಗಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ಈಗ ಅನ್ನಿಸುತ್ತದೆ, ಹತ್ತು ಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತವನಿಗೆ ‘ಇದು ನನ್ನದು’ ಎಂಬ ಮಾತು ಗಂಟಲಲ್ಲಿ ಸಡಿಲವಾಗುತ್ತದೆ. ಅವನು ಹಾಡುವ ಕತೆಯೂ ಅದನ್ನೇ ಹೇಳುತ್ತದೆ. ಕೆಂಪಾಚಾರಿ ಭಿಕ್ಷೆಗೆ ಹೋಗಬೇಕಾದದ್ದು ತನ್ನದೇ ಕುಲದವರ ಬೀದಿಗೆ, ಬೇಡಬೇಕಾದದ್ದು ತನ್ನದೇ ಕುಲಕಸುಬಿನ ಕಬ್ಬಿಣವನ್ನು. ಆ ಪರೀಕ್ಷೆ ದಾಟಿದ ಮೇಲೆ ಅವನು ಸಿದ್ದಪ್ಪಾಜಿ. ಚಿಕ್ಕಲ್ಲೂರಿನ ಗದ್ದುಗೆಗೆ ಇಂದು ಜನ ಅಡ್ಡ ಬೀಳುವುದು ಆ ಎರಡನೆಯ ಹೆಸರಿಗೆ.

ತಮ್ಮನ ಮಗಳ ಪಟ್ಟಿಯ ಕೊಹೆನ್ ಬಗ್ಗೆ ಅವಳೇ ಹೇಳಿದ ಸಂಗತಿ ಇಲ್ಲಿ ನನಗೆ ನೆನಪಾಯಿತು. ತನ್ನ ಪ್ರೀತಿ, ತನ್ನ ಸೋಲು, ತನ್ನ ಹಾಸಿಗೆ, ತನ್ನ ದೇವರು ಎಲ್ಲವನ್ನೂ ‘ನಾನು’ ಎಂದೇ ಹಾಡಿದ ಮನುಷ್ಯ ಅವನು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಝೆನ್ ಮಠಕ್ಕೆ ಹೋಗಿ ಗುರುವಿನ ಸೇವೆ ಮಾಡಿಕೊಂಡಿದ್ದ. 1996ರಲ್ಲಿ ಸನ್ಯಾಸ ಕೊಟ್ಟರು, ‘ಜಿಕಾನ್’ ಎಂದು ಹೊಸ ಹೆಸರಿಟ್ಟರು. ಮೌನ ಎಂಬ ಅರ್ಥ ಆ ಹೆಸರಿಗಿದೆಯಂತೆ. 2016ರ ಆ ಆಲ್ಬಮ್ಮಿನ ಮೊದಲ ಹಾಡನ್ನು ಅವಳು ನನಗೆ ಕೇಳಿಸಿದಳು. ಮುದಿ ದನಿಯ ಹಿಂದೆ ಒಂದು ಗಂಡಸರ ಮೇಳ ಏಳುತ್ತದೆ. ಅದು ಮಾಂಟ್ರಿಯಲ್‌ನಲ್ಲಿ ಅವನ ಮನೆತನ ತಲೆಮಾರಿನಿಂದ ನಡೆದುಕೊಂಡ ಯಹೂದಿ ಪ್ರಾರ್ಥನಾ ಮಂದಿರದ ಮೇಳವೇ. ಭಾಷೆ ತಿಳಿಯದಿದ್ದರೂ ನನಗೆ ಮೈ ಜುಮ್ಮೆಂದಿತು. ಜೀವಮಾನವೆಲ್ಲ ತನ್ನ ಹಾಡನ್ನೇ ಬರೆದವನು ಕೊನೆಗೆ ತನ್ನ ಅಜ್ಜಂದಿರ ಹಿಮ್ಮೇಳ ಕರೆಸಿಕೊಂಡ. ನಮ್ಮ ಮುದುಕರು ಅಜ್ಜಂದಿರ ಹಾಡಿನೊಳಗೆ ತಮ್ಮ ಮಗನ ಚಪ್ಪಲಿ ಇಟ್ಟರು. ಇಬ್ಬರೂ ಹೊರಟ ಕಡೆ ಬೇರೆ, ಬಂದು ಸೇರಿದ್ದು ಒಂದೇ ಜಗಲಿಗೆ.

*

ಹಾಗಾದರೆ ‘ನಾನು’ ಎನ್ನುವುದು ಹಾಡಿನಲ್ಲಿ ಇರಬೇಕೋ, ಹೋಗಬೇಕೋ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಒಬ್ಬರು ಬೆಟ್ಟದ ಮೇಲೆ ಕೂತು ಯೋಚಿಸಿದ್ದರು. ಯಳಂದೂರು, ಕೊಳ್ಳೇಗಾಲದ ನಡುವಿನ ಚಿಲಕವಾಡಿಯ ಶಂಭುಲಿಂಗನ ಬೆಟ್ಟ ನಿಜಗುಣ ಶಿವಯೋಗಿಗಳ ತಪಸ್ಸಿನ ಜಾಗ. ಆಳುತ್ತಿದ್ದ ಪಾಳೆಯಪಟ್ಟನ್ನು ಬಿಟ್ಟು ಬಂದರೆಂದು ಹಿರಿಯರು ಹೇಳುತ್ತಾರೆ. ‘ವಿವೇಕ ಚಿಂತಾಮಣಿ’ಯಂಥ ದೊಡ್ಡ ಶಾಸ್ತ್ರಗ್ರಂಥ ಬರೆದವರು ‘ಕೈವಲ್ಯ ಪದ್ಧತಿ’ಯನ್ನು ಮಾತ್ರ ಹಾಡುಗಳಾಗಿ ಕಟ್ಟಿದರು. ವೇದಾಂತ ಓದಲಾರದವರು ಹಾಡಿಯಾದರೂ ಹಿಡಿದುಕೊಳ್ಳಲಿ ಎಂಬ ಕರುಣೆ ಅದು ಎಂದು ನಾನು ನಂಬಿದ್ದೇನೆ. ಆ ಹಾಡುಗಳ ಅಂಕಿತ ಶಂಭುಲಿಂಗ, ಅಂದರೆ ತಾವು ಕೂತ ಬೆಟ್ಟದ ದೇವರು. ನೂರಾರು ವರ್ಷದಿಂದ ಭಜನೆ ಮನೆಗಳಲ್ಲಿ ಅವು ನಿಂತಿವೆ.

ಅಂಕಿತ ಎಂಬುದನ್ನು ಶಾಲೆಯಲ್ಲಿ ನಾವು ‘ಕಾವ್ಯನಾಮ’ ಎಂದು ಬಾಯಿಪಾಠ ಮಾಡಿದ್ದೆವು. ಅದು ಕಾವ್ಯನಾಮಕ್ಕಿಂತ ದೊಡ್ಡದು. ಅಕ್ಕಮಹಾದೇವಿ ತನ್ನ ಹಸಿವು, ನಿದ್ದೆ, ಮೈ, ಮನಸ್ಸು ಯಾವುದನ್ನೂ ಮುಚ್ಚಿಡಲಿಲ್ಲ. ಅವಳಷ್ಟು ಗಟ್ಟಿಯಾಗಿ ‘ನಾನು’ ಎಂದವರು ಕನ್ನಡದಲ್ಲಿ ಕಡಿಮೆ. ಎಲ್ಲ ಹೇಳಿ ಮುಗಿಸಿ ಕೊನೆಗೆ ಸಹಿ ಹಾಕುವ ಜಾಗದಲ್ಲಿ ಚೆನ್ನಮಲ್ಲಿಕಾರ್ಜುನನ ಹೆಸರಿಟ್ಟಳು. ಇದ್ದದ್ದನ್ನಲ್ಲವೇ ಕೊಡಲು ಬರುವುದು? ‘ನಾನು’ ಇಲ್ಲದವನು ಏನನ್ನು ಒಪ್ಪಿಸುತ್ತಾನೆ? ಅಂಕಿತವೆಂದರೆ ತನ್ನ ಬದುಕನ್ನೆಲ್ಲ ತುಂಬಿದ ಕೊಡವನ್ನು ಒಡೆಯನ ಬಾಗಿಲಲ್ಲಿ ಇಳಿಸುವ ಕೆಲಸ.

ತಮ್ಮನ ಮಗಳ ಪಟ್ಟಿಯ ರಘು ದೀಕ್ಷಿತರಿಗೂ ಈ ಮಾತು ಹೊರತಲ್ಲ. ಅವರು ಊರೂರು, ದೇಶ ದೇಶ ಹಾಡಿ ಹೆಸರು ಮಾಡಿದ ಹಾಡುಗಳಲ್ಲಿ ಶಿಶುನಾಳ ಶರೀಫರವೂ ಇವೆ. 1819ರಲ್ಲಿ ಮುಸ್ಲಿಮರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದ ಭಟ್ಟರಿಗೆ ಶಿಷ್ಯನಾಗಿ, ಕಂಡದ್ದನ್ನೆಲ್ಲ ಪದ ಕಟ್ಟಿ ತಾನೇ ಹಾಡಿದ ಆ ಶರೀಫರಿಗಿಂತ ದೊಡ್ಡ ‘ಬರೆದು ಹಾಡುವವರು’ ಇನ್ನಾರು? ಅವರೂ ಅಂಕಿತ ಇಟ್ಟದ್ದು ತಮ್ಮ ಊರಿನ ಒಡೆಯ ಶಿಶುನಾಳಧೀಶನ ಹೆಸರಲ್ಲಿ.

ಹೆಸರು ಬಿಟ್ಟುಕೊಟ್ಟವರ ನಾಡು ಇದು ಎಂದ ಮಾತ್ರಕ್ಕೆ ಹೆಸರಿಗೆ ಬೆಲೆ ಇಲ್ಲದ ನಾಡಲ್ಲ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಎಂಟುನೂರು ವರ್ಷದ ಹಿಂದೆ ಒಬ್ಬರು ತಮ್ಮ ಹೆಸರಿಡದೆ ದೇವರ ಹೆಸರಿಟ್ಟ ಜಾಗಕ್ಕಾಗಿ ದೆಹಲಿಯವರೆಗೆ ವ್ಯಾಜ್ಯ ನಡೆಯಿತು. ಯಾರಿಗೆ ಒಪ್ಪಿಸಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕು ಒಪ್ಪಿಸಿದವರದು. ಇನ್ನೊಬ್ಬರು ತಿದ್ದುವಂತಿಲ್ಲ.

*

ಈ ಮಾತು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಅಂಗಡಿಯ ಗಲ್ಲಾದ ಹಿಂದೆ ಕೂತು.

ತೊಂಬತ್ತರ ದಶಕದಲ್ಲಿ ಮಾದಪ್ಪನ, ಸಿದ್ದಪ್ಪಾಜಿಯ ಕ್ಯಾಸೆಟ್ಟುಗಳು ಸಿನಿಮಾ ಹಾಡಿನ ಸಮಕ್ಕೆ ಓಡುತ್ತಿದ್ದವು. ಜಾತ್ರೆ ಬಂತೆಂದರೆ ಡಬ್ಬಗಟ್ಟಲೆ ತರಿಸುತ್ತಿದ್ದೆ. ಒಂದು ಮಧ್ಯಾಹ್ನ ಹನೂರು ಕಡೆಯಿಂದ ಒಬ್ಬರು ಬಂದರು. ಹೆಗಲ ಮೇಲೆ ಟವಲು, ಕೊರಳಲ್ಲಿ ರುದ್ರಾಕ್ಷಿ. ಒಂದು ಕ್ಯಾಸೆಟ್ಟಿನ ಹೆಸರು ಹೇಳಿ ಕೇಳಿದರು. ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಂದೆ ಹುಲಿಯ ಮೇಲೆ ಕೂತ ಮಾದಪ್ಪನ ಚಿತ್ರ, ಹಿಂದೆ ಕಂಪನಿಯ ಹೆಸರು, ವಿಳಾಸ, ‘ನಕಲು ಮಾಡುವುದು ಅಪರಾಧ’ ಎಂಬ ಎಚ್ಚರಿಕೆ. ಉಗುರಿನಿಂದ ಒಳಗಿನ ಕಾಗದ ಬಿಡಿಸಿ ಅಲ್ಲಿಯೂ ಹುಡುಕಿದರು. ಆಮೇಲೆ ಹೇಳಿದರು, “ಇದರಲ್ಲಿ ಹಾಡಿರದು ನಾನೇ ಕನಣ್ಣ.” ಒಂದು ದಿನ ಕರೆದುಕೊಂಡು ಹೋಗಿ ಹಾಡಿಸಿ, ಊಟ ಹಾಕಿ, ಬಸ್ ಚಾರ್ಜಿನ ಮೇಲೆ ಒಂದಿಷ್ಟು ಕೊಟ್ಟು ಕಳಿಸಿದ್ದರಂತೆ. ದುಡ್ಡು ಎಣಿಸಿ ಗಲ್ಲಾದ ಮೇಲಿಟ್ಟು, ತಮ್ಮದೇ ದನಿಯನ್ನು ಕೊಂಡು ಹೊರಟರು. ನಾನು ದುಡ್ಡು ವಾಪಸು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಆ ಕಂಪನಿಯವರನ್ನು ಕೇಳಿದ್ದರೆ ಅವರಿಗೊಂದು ಉತ್ತರ ಸಿದ್ಧವಿತ್ತು: ಜನಪದ ಹಾಡು, ಯಾರದ್ದೂ ಅಲ್ಲ. ಆ ಮನುಷ್ಯರನ್ನು ಕೇಳಿದ್ದರೆ ಅವರೂ ಅನ್ನುತ್ತಿದ್ದರು: ನನ್ನದಲ್ಲ, ಮಾದಪ್ಪನದು. ಎರಡೂ ಒಂದೇ ಮಾತಿನಂತೆ ಕೇಳುತ್ತದೆ. ನನ್ನ ಇಡೀ ಬರಹದ ತಿರುಳು ಈ ಎರಡರ ನಡುವಿನ ಅಂತರದಲ್ಲಿದೆ. ‘ನನ್ನದಲ್ಲ’ ಎಂದು ಹಾಡುವವನು ಹೇಳಿದರೆ ಭಕ್ತಿ. ‘ಯಾರದ್ದೂ ಅಲ್ಲ’ ಎಂದು ಮಾರುವವನು ಹೇಳಿದರೆ ಕಳ್ಳತನ. ಕೊಳ್ಳೇಗಾಲದ ರೇಷ್ಮೆ ಸೀರೆಯ ಸೆರಗಿನಲ್ಲಿ ನೇಯ್ದವನ ಹೆಸರು ಇರುವುದಿಲ್ಲ. ಹಾಗೆಂದು ಮಗ್ಗದ ಮೇಲಿನ ಸೀರೆಯನ್ನು ಕೂಲಿ ಕೊಡದೆ ಒಯ್ಯಲಾಗುತ್ತದೆಯೇ?

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕ್ಯಾಸೆಟ್ ನಿಂತು ಮೊಬೈಲ್ ಬಂದಾಗ ನಾನೂ ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಟ್ಟವನೇ. ಒಂದು ಕಾರ್ಡಿಗೆ ಇಪ್ಪತ್ತು ರೂಪಾಯಿ, ಐನೂರು ಹಾಡು. ಕಡತಗಳಿಗೆ ಹಾಡಿದವರ ಹೆಸರಿಡುತ್ತಿರಲಿಲ್ಲ. ‘ಮಾದಪ್ಪ 1’, ‘ಮಾದಪ್ಪ 2’ ಎಂದು ಅಂಕೆ ಹಾಕುತ್ತಿದ್ದೆ. ಎಷ್ಟು ಜನ ದೇವರಗುಡ್ಡರು, ನೀಲಗಾರರು ನನ್ನ ಕೈಯಲ್ಲಿ ಅಂಕೆಯಾದರೋ!

ಹೀಗೇ ಆಗಬೇಕೆಂದೇನೂ ಇರಲಿಲ್ಲ. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕೆ. ಕೇಶವನ್ ಪ್ರಸಾದರ ಸಂಪಾದಕತ್ವದಲ್ಲಿ ಮಲೆ ಮಾದೇಶ್ವರ ಕಾವ್ಯ ಅಚ್ಚಾಯಿತು. ಅದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯ ಎಂದು ಹೆಸರು ಹೇಳಿಯೇ ಬಂತು. ಕತೆ ಮಾದಪ್ಪನದು, ಆ ರಾತ್ರಿಗಳ ಹಾಡು ಮಾದಯ್ಯನವರದು. ಎರಡನ್ನೂ ಒಟ್ಟಿಗೆ ಹೇಳಲು ಬರುತ್ತದೆ. ದೇವರಿಗೇನೂ ಕಡಿಮೆಯಾಗಲಿಲ್ಲ. ಕಾಯಿದೆಯೂ ಇದಕ್ಕೆ ಅಡ್ಡಿಯಲ್ಲ. ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 25 ವರ್ಷದ ಹಕ್ಕು ಕೊಟ್ಟಿತು, 1999ರ ತಿದ್ದುಪಡಿ ಅದನ್ನು 50 ವರ್ಷಕ್ಕೆ ಏರಿಸಿತು. ಹಾಡು ಎಷ್ಟು ಹಳೆಯದಾದರೂ ದನಿ ಹಾಡಿದವರದೇ.

ಮಾದಪ್ಪನ ‘ಸೋಜುಗಾದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲಿ ಬಂದು ಲೋಕವೆಲ್ಲ ಕೇಳಿತು. ಚೈತ್ರಾ ಆಚಾರ್ ಚೆನ್ನಾಗಿ ಹಾಡಿದ್ದಾರೆ, ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕು. ಅದೇ ಪದವನ್ನು ಮಾದಪ್ಪನ ದಾರಿಯಲ್ಲಿ ತಲೆತಲಾಂತರ ಹೊತ್ತು ತಂದ ಹೆಂಗಸರ ಒಂದು ಹೆಸರೂ ನಮಗೆ ಗೊತ್ತಿಲ್ಲ. ತಾಳಬೆಟ್ಟದ ದಾರಿಯಲ್ಲಿ ಈ ವರ್ಷ ನಾನು ಕೇಳಿದ ಆ ಹೆಂಗಸು ತಲೆಯ ಮೇಲೆ ಗಂಟು, ಕಂಕುಳಲ್ಲಿ ಮೊಮ್ಮಗು ಹೊತ್ತು ಏರುತ್ತಾ, ಉಸಿರು ಕಟ್ಟಿದ ಕಡೆ ಪದ ನಿಲ್ಲಿಸಿ, ಉಸಿರು ಬಂದ ಕಡೆ ಎತ್ತಿಕೊಂಡು ಹಾಡಿದರು. ಆ ತಡೆ, ಆ ಎತ್ತುವಿಕೆಯೇ ಅವರ ರಚನೆ. ಅರ್ಧ ಬೆಟ್ಟ ಹಿಂದೆಯೇ ನಡೆದೆ. ಹೆಸರು ಕೇಳಲಿಲ್ಲ.

*

ಇನ್ನು, ದೇವರ ಹಾಡುಗಳಲ್ಲಿ ‘ನನಗಿಷ್ಟದ್ದು’ ಎಂದು ಆರಿಸಿ ಪಟ್ಟಿ ಮಾಡುವುದು ಸರಿಯೇ ಎಂಬ ಅನುಮಾನವೂ ನನಗಿತ್ತು. ಅದನ್ನು ಚಿಕ್ಕಲ್ಲೂರು ಬಿಡಿಸಿತು. ಬನದ ಹುಣ್ಣಿಮೆಗೆ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸುತ್ತಾರೆ, ಐದು ದಿನದ ಸೇವೆಗಳಲ್ಲಿ ಒಂದು ದಿನ ಪಂಕ್ತಿಸೇವೆ. ಇಂಥ ಜಾತಿ, ಇಂಥ ಮನೆ ಎನ್ನದೆ ಸಾಲಾಗಿ ಕೂತು ಉಣ್ಣುವುದೇ ಅಲ್ಲಿಯ ಸೇವೆ. ಆ ಸಾಲಿನಲ್ಲಿ ಮೊದಲನೆ ಎಲೆ, ಕೊನೆಯ ಎಲೆ ಎಂಬುದಿಲ್ಲ. ಹಾಗೆಂದು ಯಾವ ಎಲೆಯ ಮುಂದೆ ಯಾರು ಕೂತಿದ್ದಾರೆ ಎಂಬುದನ್ನು ಬಡಿಸುವವನು ನೋಡದೆ ಹೋಗುವುದೂ ಇಲ್ಲ. ಒಬ್ಬೊಬ್ಬರ ಮುಖ ನೋಡಿಯೇ ಬಡಿಸುತ್ತಾನೆ. ನನ್ನ ಪಟ್ಟಿಯ ಅಂಕೆಗಳನ್ನು ಹೊಡೆದುಹಾಕಿದೆ. ಅದು ಈಗ ಪಂಕ್ತಿ.

ಆಮೇಲೆ ಹುಡುಗಿಯ ನಾಲ್ಕು ಹಾಡನ್ನೂ ಕೇಳಿದೆ. ಮೂರನೆಯದು ಹಾಸ್ಟೆಲಿನ ಕಿಟಕಿಯಲ್ಲಿ ನಿಂತು ಸತ್ತೇಗಾಲದ ಸೇತುವೆಯ ಮೇಲಿನ ಬೆಳಗಿನ ಮಂಜನ್ನು ನೆನೆಯುವ ಹಾಡು. ಪೂರ್ತಿ ಅವಳದೇ. ಅದರಲ್ಲಿ ದೇವರಿಲ್ಲ, ಅಂಕಿತವೂ ಇಲ್ಲ. ಆದರೆ ಕೊನೆಯಲ್ಲಿ ಗಿಟಾರಿನ ಒಂದೇ ತಂತಿ ಉಳಿದು, ಅದರ ಮೇಲೆ ದನಿ ನಡೆಯುತ್ತದೆ. ಯಾರಿಂದ ಕಲಿತೆ ಎಂದು ಕೇಳಿದೆ. “ಅಜ್ಜಿ ತಿಥಿ ದಿನ ಕೇಳಿದ್ನಲ್ಲ” ಎಂದಳು. ತನ್ನದು ಎಂದು ಹಾಡಲಿ. ಯಾರಿಂದ ಬಂತು ಎಂಬ ನೆನಪು ಹೀಗೆ ಇದ್ದರೆ ಸಾಕು. ಆ ಹಾಡನ್ನು ಐದನೆಯ ಸಾಲಾಗಿ ಬರೆದೆ.

ಓದುವವರಲ್ಲಿ ನನ್ನದೊಂದು ಬೇಡಿಕೆ. ಜಾತ್ರೆಯಲ್ಲಿ, ತಿಥಿಯಲ್ಲಿ, ಬೆಟ್ಟದ ದಾರಿಯಲ್ಲಿ ಹಾಡು ರೆಕಾರ್ಡ್ ಮಾಡಿಕೊಂಡರೆ ಮೊದಲು ಹಾಡುವವರ ಒಪ್ಪಿಗೆ ಕೇಳಿ. ಇನ್ನೊಬ್ಬರಿಗೆ ಕಳಿಸುವಾಗ ಅವರ ಹೆಸರು, ಊರು ಜೊತೆಯಲ್ಲಿ ಬರೆಯಿರಿ. ಜೋಳಿಗೆಗೆ ಹಾಕುವುದನ್ನು ಹಾಕಿ. ‘ನನ್ನದಲ್ಲ’ ಎಂದು ಅವರು ಹೇಳುತ್ತಾರೆ, ಹೇಳಲಿ. ಅವರ ಪರವಾಗಿ ಆ ಮಾತನ್ನು ನಾವು ಹೇಳುವುದು ಬೇಡ.

ನನ್ನ ಡೈರಿಯ ಹಾಳೆಯಲ್ಲಿ ಈಗ ಐದು ಸಾಲಿವೆ. ನಾಲ್ಕು ಹಾಡಿನ ಮುಂದೆ ಹಾಡಿದವರ ಹೆಸರು, ಊರು ಬರೆದಾಗಿದೆ. ತಾಳಬೆಟ್ಟದ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಬರುವ ಶಿವರಾತ್ರಿಗೆ ಅದೇ ದಾರಿಯಲ್ಲಿ ನಿಂತು ಕೇಳಬೇಕು.